ಐಷಾರಾಮಿ ಫರ್ನಿಚರ್ ಮಾರುಕಟ್ಟೆ ಬೆಳೆಯುತ್ತಿದೆಯಂತೆ, ಕಾರ್ಕಳದ ಶೆಡ್ಡಿಗೆ ಅದರಲ್ಲಿ ಏನಿದೆ?

ಪ್ರಶ್ನೆ: ಸರ್, ಕಾರ್ಕಳದ ಹತ್ತಿರ ನಮ್ಮ ತಂದೆಯವರದ್ದು ಮರದ ಕೆಲಸದ ಶೆಡ್ ಇದೆ. ಐದು ಜನ ಆಚಾರಿಗಳಿದ್ದಾರೆ. ಬಾಗಿಲು, ಕಿಟಕಿ, ದೇವರ ಮಂಟಪ, ಆರ್ಡರ್ ಬಂದರೆ ಮಂಚ, ಊಟದ ಟೇಬಲ್ ಮಾಡುತ್ತಾರೆ. ನಾನು ದುಬೈನಲ್ಲಿ ಇಂಟೀರಿಯರ್ ಕಂಪನಿಯೊಂದರಲ್ಲಿದ್ದೆ, ಈಗ ಊರಿಗೆ ಬಂದಿದ್ದೇನೆ. ಮಂಗಳೂರಿನಲ್ಲಿ ಇಟಲಿಯ ಐಷಾರಾಮಿ ಫರ್ನಿಚರ್ ಶೋರೂಂ ಹಾಕಿ ಎಂದು ಒಬ್ಬರು ಬೆನ್ನು ಬಿದ್ದಿದ್ದಾರೆ. ಜಗತ್ತಿನಲ್ಲಿ ಈ ಮಾರುಕಟ್ಟೆ ಭಾರೀ ಬೆಳೆಯುತ್ತಿದೆ ಎಂದು ಚಾರ್ಟ್ ತೋರಿಸುತ್ತಾರೆ. ನಿಜವೇ? ಶೋರೂಂ ಹಾಕಲೇ, ಇಲ್ಲ ನಮ್ಮ ಶೆಡ್ಡಿನಿಂದಲೇ ಹೊರದೇಶಕ್ಕೆ ಕಳಿಸುವ ದಾರಿ ಇದೆಯೇ? ಇನ್ನೊಂದು, ಅಜ್ಜನ ಮನೆ ಕೆಡವುವಾಗ ಬಿಚ್ಚಿಟ್ಟ ಬೀಟೆ ಕಂಬಗಳು, ಕೆತ್ತನೆಯ ಬಾಗಿಲು ಇವೆ. ವಿದೇಶದಲ್ಲಿ ಒಳ್ಳೆ ಬೆಲೆ ಅನ್ನುತ್ತಾರೆ. ಕಳಿಸಬಹುದಾ?

ಉತ್ತರ: ಮೊದಲು ಆ ಚಾರ್ಟಿನ ವಿಷಯ ಮುಗಿಸೋಣ. ಇಂಥ ವರದಿಗಳು ಹತ್ತಾರು ಇವೆ, ಒಂದೊಂದರಲ್ಲಿ ಒಂದೊಂದು ಅಂಕಿ. ಯಾವುದು ಐಷಾರಾಮಿ, ಯಾವುದು ಅಲ್ಲ ಎಂಬುದಕ್ಕೆ ಗೆರೆ ಇಲ್ಲವಲ್ಲ. ಒಬ್ಬರು ದೀಪ, ಕಾರ್ಪೆಟ್, ಅಡುಗೆಮನೆ ಕ್ಯಾಬಿನೆಟ್ ಎಲ್ಲ ಸೇರಿಸುತ್ತಾರೆ, ಇನ್ನೊಬ್ಬರು ಸೋಫಾ-ಮಂಚಕ್ಕೆ ನಿಲ್ಲಿಸುತ್ತಾರೆ. ನಾನು ಸ್ವಲ್ಪ ನೆಚ್ಚಿಕೊಳ್ಳುವುದು ಬೇನ್ ಎಂಬ ಸಲಹಾ ಕಂಪನಿ ಇಟಲಿಯ ಐಷಾರಾಮಿ ಬ್ರ್ಯಾಂಡುಗಳ ಆಲ್ಟಗಾಮಾ ಸಂಘದ ಜೊತೆ ಪ್ರತಿ ವರ್ಷ ಹೊರತರುವ ಲೆಕ್ಕವನ್ನು. ಅದರ ಪ್ರಕಾರ ಮೇಲ್ದರ್ಜೆಯ ಫರ್ನಿಚರ್ ಮತ್ತು ಮನೆಬಳಕೆಯ ವಸ್ತುಗಳ ವಹಿವಾಟು ವರ್ಷಕ್ಕೆ ಸುಮಾರು 50 ಬಿಲಿಯನ್ ಯೂರೋ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 5 ಲಕ್ಷ ಕೋಟಿ ರೂಪಾಯಿ. ಕೊರೊನಾ ಬಂದು ಎಲ್ಲರೂ ಮನೆಯಲ್ಲೇ ಕೂತಾಗ ಇದು ಜಿಗಿಯಿತು. 2023ರ ಹೊತ್ತಿಗೆ ಆ ಜಿಗಿತ ನಿಂತು, ಸ್ವಲ್ಪ ಹಿಂದಕ್ಕೂ ಜಾರಿತು. ನಿಮಗೆ ತೋರಿಸಿದ ಗೆರೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದರೆ, ಅದು ಎಲ್ಲಿಂದ ಶುರುವಾಗುತ್ತದೆ ನೋಡಿ. 2020ರಿಂದ ಶುರು ಮಾಡಿದ ಗೆರೆ ಹಾಗೆಯೇ ಕಾಣಿಸುತ್ತದೆ.

ಜಾರಿದ್ದು ಯಾಕೆ ಎಂಬುದು ನಿಮಗೆ ಅಂಕಿಗಿಂತ ಉಪಯೋಗ. ಜನ ಹೊಸ ಸೋಫಾ ತೆಗೆದುಕೊಳ್ಳುವುದು ಹಳೆಯದು ಹರಿದಾಗ ಅಲ್ಲ, ಮನೆ ಬದಲಿಸಿದಾಗ. ಅಮೆರಿಕದಲ್ಲಿ 2021ರಲ್ಲಿ ಮನೆಸಾಲದ ಬಡ್ಡಿ ಶೇ. 3ರ ಆಸುಪಾಸು ಇತ್ತು. 2023ರ ಅಕ್ಟೋಬರ್‌ನಲ್ಲಿ ಶೇ. 8ರ ಹತ್ತಿರ ಹೋಯಿತು. ಕಡಿಮೆ ಬಡ್ಡಿಯ ಸಾಲ ಸಿಕ್ಕಿದವರು ಅದನ್ನು ಬಿಟ್ಟು ಇನ್ನೊಂದು ಮನೆಗೆ ಯಾಕೆ ಹೋಗುತ್ತಾರೆ? ಹೋಗಲಿಲ್ಲ, ಸೋಫಾನೂ ಕೊಳ್ಳಲಿಲ್ಲ. ಚೀನಾದಲ್ಲಿ 2021ರಲ್ಲಿ ಎವರ್‌ಗ್ರಾಂಡ್ ಎಂಬ ಫ್ಲ್ಯಾಟ್ ಕಟ್ಟುವ ಕಂಪನಿ ಸಾಲ ಕಟ್ಟಲಾಗದೆ ಕೈಚೆಲ್ಲಿದ ಮೇಲೆ ಫ್ಲ್ಯಾಟ್ ವ್ಯಾಪಾರವೇ ಮಲಗಿತು. ಅಲ್ಲಿನ ಹೊಸ ಶ್ರೀಮಂತರನ್ನು ನಂಬಿದ್ದ ಇಟಲಿಯ ಬ್ರ್ಯಾಂಡುಗಳಿಗೆ ಅದರ ಪೆಟ್ಟು ಬಿತ್ತು. ಕೊಲ್ಲಿ ದೇಶಗಳಲ್ಲಿ ಮಾತ್ರ ಬೇಡಿಕೆ ಗಟ್ಟಿಯಾಗಿ ನಿಂತಿತು. ಅದನ್ನು ನೀವು ನನಗಿಂತ ಹತ್ತಿರದಿಂದ ನೋಡಿದ್ದೀರಿ.

ಹಾಗಾದರೆ ಬೆಳೆದವರು ಯಾರೂ ಇಲ್ಲವೇ? ಇದ್ದಾರೆ. ಆದರೆ ಬೆಳೆದದ್ದು ಮರಗೆಲಸ ಅಂತ ನಾನು ಹೇಳುವುದಿಲ್ಲ, ಹೆಸರು ಬೆಳೆಯಿತು. ಮಿಲಾನ್ ನಗರದ ಉತ್ತರಕ್ಕೆ ಬ್ರಿಯಾಂಝಾ ಎಂಬ ಪ್ರದೇಶ ಇದೆ. ಮೇದಾ, ಕಾಂತು, ಲಿಸ್ಸೋನೆ ಮೊದಲಾದ ಊರುಗಳು. ಕಾಸಿನಾ, ಮಿನೋತ್ತಿ, ಮೊಲ್ತೇನಿಯಂಥ ಹೆಸರಾದ ಫರ್ನಿಚರ್ ಕಂಪನಿಗಳೆಲ್ಲ ಅಲ್ಲಿನವೇ. ಹೆಚ್ಚಿನವು ಅಪ್ಪ-ಮಕ್ಕಳ ಶೆಡ್ಡಾಗಿ ಶುರುವಾದವು. ಇವತ್ತಿಗೂ ಒಂದು ಕುರ್ಚಿಯ ಕಾಲನ್ನು ಒಬ್ಬ ಮಾಡುತ್ತಾನೆ, ಚರ್ಮವನ್ನು ಇನ್ನೊಬ್ಬ ಹೊಲಿಯುತ್ತಾನೆ, ಕಬ್ಬಿಣದ ಕೆಲಸ ಮೂರನೆಯವನದು, ಎಲ್ಲ ಹತ್ತಿಪ್ಪತ್ತು ಕಿಲೋಮೀಟರಿನ ಒಳಗೆ. ಇಂಥ ಹೆಸರುಗಳನ್ನು ಈಗ ದೊಡ್ಡ ಬಂಡವಾಳದವರು ಗುಂಪು ಗುಂಪಾಗಿ ಕೊಳ್ಳುತ್ತಿದ್ದಾರೆ. ಅಮೆರಿಕದ ಹಾವರ್ತ್ ಕಂಪನಿ 2014ರಲ್ಲಿ ಇಟಲಿಯ ಪೋಲ್ಟ್ರೋನಾ ಫ್ರಾವ್ ಗುಂಪನ್ನು ಕೊಂಡಿತು, ಕಾಸಿನಾವೂ ಅದರ ಜೊತೆ ಬಂತು. ಅಮೆರಿಕದೊಳಗೇ 2021ರಲ್ಲಿ ಹರ್ಮನ್ ಮಿಲ್ಲರ್ ಎಂಬ ಫರ್ನಿಚರ್ ಕಂಪನಿ ಸುಮಾರು 1.8 ಬಿಲಿಯನ್ ಡಾಲರ್ ಕೊಟ್ಟು ನೋಲ್ ಕಂಪನಿಯನ್ನು ಕೊಂಡಿತು. ಇನ್ನೊಂದು ಕಡೆಯಿಂದ ಬಟ್ಟೆ, ಬ್ಯಾಗಿನ ಬ್ರ್ಯಾಂಡುಗಳು ಮನೆಯೊಳಗೆ ಬಂದವು. ಅರ್ಮಾನಿ 2000ದಲ್ಲೇ ಫರ್ನಿಚರ್‌ಗೆ ಇಳಿಯಿತು. ಬುರ್ಜ್ ಖಲೀಫಾದೊಳಗಿನ ಅರ್ಮಾನಿ ಹೋಟೆಲನ್ನು ನೀವು ಹೊರಗಿನಿಂದಾದರೂ ನೋಡಿರುತ್ತೀರಿ. ಈಗ ಒಂದು ಬ್ರ್ಯಾಂಡಿನ ಹೆಸರಿನಲ್ಲಿ ಇಡೀ ಅಪಾರ್ಟ್‌ಮೆಂಟ್ ಕಟ್ಟಿ, ಒಳಗಿನ ಸಾಮಾನನ್ನೂ ಸೇರಿಸಿ ಮಾರುತ್ತಾರೆ. ಹೀಗೆ ಒಂದೇ ಏಟಿಗೆ ನೂರಾರು ಮನೆಗಳ ಆರ್ಡರ್. ಹೋಟೆಲು, ವಿಹಾರನೌಕೆ, ಬ್ರ್ಯಾಂಡೆಡ್ ಮನೆಗಳ ಈ ಸಗಟು ಕೆಲಸವೇ ಇವತ್ತು ದೊಡ್ಡವರ ಕಣ್ಣಿರುವ ಜಾಗ. ಒಬ್ಬೊಬ್ಬ ಗ್ರಾಹಕ ಬಂದು ಶೋರೂಮಿನಲ್ಲಿ ಕೂತು ನೋಡಿ ಕೊಳ್ಳುವ ವ್ಯಾಪಾರ ಅಷ್ಟು ವೇಗವಾಗಿ ಬೆಳೆಯುತ್ತಿಲ್ಲ. ನಿಮಗೆ ಕೊಡಿಸುತ್ತೇನೆ ಅನ್ನುತ್ತಿರುವುದು ಆ ಎರಡನೆಯದನ್ನು.

ಆ ಶೋರೂಮಿನ ಲೆಕ್ಕ ನೋಡಿ. ಹೊರಗಿನಿಂದ ಬರುವ ಫರ್ನಿಚರ್‌ಗೆ ಸುಂಕವೇ ಸುಮಾರು ಕಾಲು ಭಾಗ, ಅದರ ಮೇಲೆ ಶೇ. 18 ಜಿಎಸ್‌ಟಿ. ಬಂದರಿಗೆ 100 ರೂಪಾಯಿಗೆ ಬಂದ ಸಾಮಾನು ಅಲ್ಲಿಂದ ಹೊರಗೆ ಬರುವಾಗ 147 ರೂಪಾಯಿ ದಾಟುತ್ತದೆ. ಆಮೇಲೆ ಕದ್ರಿ ಅಥವಾ ಬಿಜೈ ಕಡೆ ಮೂರು ನಾಲ್ಕು ಸಾವಿರ ಚದರಡಿಯ ಬಾಡಿಗೆ, ಎಸಿ, ಜನ. ಡಿಸ್ಪ್ಲೇಗೆ ಇಟ್ಟ ಸೋಫಾಗಳಲ್ಲಿ ನಿಮ್ಮ ದುಡ್ಡು ಕೂತಿರುತ್ತದೆ, ಡಿಸೈನ್ ಬದಲಾದರೆ ಅದನ್ನು ಅರ್ಧ ಬೆಲೆಗೆ ಕೊಡಬೇಕು. ನಮ್ಮಲ್ಲಿ ದುಡ್ಡಿರುವವರು ಇಲ್ಲ ಎಂದಲ್ಲ. ಮಂಗಳೂರು, ಮಣಿಪಾಲದಲ್ಲಿ ಒಳ್ಳೆಯ ಮನೆಗೆ ಕೋಟಿಗಟ್ಟಲೆ ಹಾಕುವವರು ಇದ್ದಾರೆ. ಆದರೆ ಅವರು ಹತ್ತು ಲಕ್ಷದ ಸೋಫಾ ಕೊಳ್ಳುವುದಿದ್ದರೆ ಬೆಂಗಳೂರಿಗೋ ಮುಂಬೈಗೋ ಹೋಗುತ್ತಾರೆ, ಇಲ್ಲ ದುಬೈನಲ್ಲೇ ನೋಡಿ ಬರುತ್ತಾರೆ. ಹತ್ತು ಅಂಗಡಿ ನೋಡದೆ ಯಾರು ಅಷ್ಟು ದುಡ್ಡು ಹಾಕುತ್ತಾರೆ ಹೇಳಿ. ಇನ್ನು ಆಟಿ ತಿಂಗಳ ಮಳೆಯಲ್ಲಿ ಚರ್ಮದ ಸೋಫಾಗೆ ಬೂಷ್ಟು ಹಿಡಿದಾಗ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಾಲು ಉಬ್ಬಿದಾಗ ಫೋನು ಬರುವುದು ಮಿಲಾನಿಗಲ್ಲ, ನಿಮಗೆ. ನೀವು ಕೇಳಿದ್ದಕ್ಕೆ ನೇರವಾಗಿ ಹೇಳಬೇಕೆಂದರೆ, ನಾನಾದರೆ ಹಾಕುವುದಿಲ್ಲ.

ಭಾರತದಲ್ಲಿ ಈ ದರ್ಜೆಯಲ್ಲಿ ಗಟ್ಟಿಯಾಗಿ ನಿಂತವರನ್ನು ನೋಡಿದರೂ ಅದೇ ಪಾಠ ಸಿಗುತ್ತದೆ. 2024ರ ಜೂನ್‌ನಲ್ಲಿ ಶೇರುಪೇಟೆಗೆ ಬಂದ ಬೆಂಗಳೂರಿನ ಸ್ಟ್ಯಾನ್ಲಿ ಲೈಫ್‌ಸ್ಟೈಲ್ಸ್ ಕಾರಿನ ಚರ್ಮದ ಸೀಟಿನ ಕೆಲಸದಿಂದ ಶುರುವಾದ ಕಂಪನಿ. ಸೋಫಾಗಳನ್ನು ಇಲ್ಲೇ, ತಮ್ಮದೇ ಫ್ಯಾಕ್ಟರಿಯಲ್ಲಿ ಮಾಡುತ್ತಾರೆ. ಇನ್ನೊಂದು ಉದಾಹರಣೆ ನಿಮ್ಮ ಶೆಡ್ಡಿಗೆ ಇನ್ನೂ ಹತ್ತಿರದ್ದು. ಚಂಡೀಗಢ ಕಟ್ಟುವಾಗ, 1950ರ ದಶಕದಲ್ಲಿ, ಪಿಯರ್ ಜನ್ನೆರೆ ಎಂಬ ವಾಸ್ತುಶಿಲ್ಪಿಯ ತಂಡ ಸರ್ಕಾರಿ ಕಚೇರಿಗಳಿಗೆ ತೇಗದ ಕುರ್ಚಿಗಳನ್ನು ಡಿಸೈನ್ ಮಾಡಿತು. ಓರೆ ಕಾಲು, ಬೆತ್ತದ ಹೆಣಿಗೆ, ಅಷ್ಟೇ. ಮಾಡಿದ್ದು ಅಲ್ಲಿನ ಬಡಗಿಗಳು. ಮುರಿದದ್ದನ್ನು ಸರ್ಕಾರವೇ ಗುಜರಿ ಬೆಲೆಗೆ ಹರಾಜು ಹಾಕಿತು. ಆಮೇಲೆ ಅದೇ ಕುರ್ಚಿಗಳು ಪ್ಯಾರಿಸ್, ನ್ಯೂಯಾರ್ಕಿನ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಇನ್ನು ಮಾರಬೇಡಿ ಎಂದು ಆದೇಶ ಹೊರಡಿಸಬೇಕಾಯಿತು. ಈಗ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಆ ಮಾದರಿಯ ಕುರ್ಚಿಗಳನ್ನು ಕೈಯಿಂದಲೇ ಮಾಡಿಸಿ ಹೊರದೇಶಗಳಿಗೆ ಕಳಿಸುತ್ತಿದೆ. ತೇಗ ಮತ್ತು ಬೆತ್ತ, ಎರಡೂ ನಿಮ್ಮ ಆಚಾರಿಗಳಿಗೆ ಹೊಸದಲ್ಲ. ಹಾಗಂತ ನೀವೂ ಅದೇ ಕುರ್ಚಿಯನ್ನು ನಕಲು ಮಾಡಬೇಡಿ. ಆ ಸಂತೆಯಲ್ಲಿ ಈಗಾಗಲೇ ಜನ ಜಾಸ್ತಿ ಆಗಿದ್ದಾರೆ.

ಈಗ ಶೆಡ್ಡಿಗೆ ಬರೋಣ. ನಿಮ್ಮ ತಂದೆಯವರ ಕೈಕೆಲಸದ ಬಗ್ಗೆ ನನಗೆ ಅನುಮಾನವಿಲ್ಲ. ಕಾರ್ಕಳದ ಸುತ್ತ ಕೆತ್ತನೆ, ಜೋಡಣೆ ಬಲ್ಲವರಿಗೆ ಕೊರತೆ ಇಲ್ಲ. ಇನ್ನೂ ಕೈ ಬೇಕಾದರೆ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕಿನ ಸಿ.ಇ. ಕಾಮತ್ ಸಂಸ್ಥೆ ಇದೆ, ಅಲ್ಲಿ ಮರ, ಕಲ್ಲಿನ ಕೆತ್ತನೆ ಕಲಿತ ಹುಡುಗರು ಸಿಗುತ್ತಾರೆ. ಇಲ್ಲಿಂದ ಹೊರಗೆ ಹೋದ ಸಾಮಾನು ಸೋಲುವುದು ಕೆತ್ತನೆಯಲ್ಲಿ ಅಲ್ಲ, ತೇವದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಹೋಗುವುದೂ ಬರುವುದೂ ಇಲ್ಲೇ. ಮಳೆಗಾಲದಲ್ಲಿ ನಮ್ಮ ಗಾಳಿಯಲ್ಲಿ ತೇವಾಂಶ ಶೇ. 90ರ ಹತ್ತಿರ ಇರುತ್ತದೆ. ಶೆಡ್ಡಿನಲ್ಲಿ ಅಟ್ಟಿ ಹಾಕಿಟ್ಟ ಹಲಗೆ ಎಷ್ಟು ವರ್ಷ ಒಣಗಿದ್ದರೂ ಆ ಹೊತ್ತಿಗೆ ಅದರೊಳಗೆ ಶೇ. 16-18 ನೀರು ಇದ್ದೇ ಇರುತ್ತದೆ. ಅದರಿಂದ ಮಾಡಿದ ಟೇಬಲ್ ಮೂಡುಬಿದಿರೆಯ ಮನೆಯಲ್ಲಿ ಐವತ್ತು ವರ್ಷ ಬಾಳುತ್ತದೆ. ಅದೇ ಟೇಬಲ್ ದುಬೈನ ಎಸಿ ಕೋಣೆಗೆ ಹೋದರೆ ಶೇ. 8-9ಕ್ಕೆ ಇಳಿಯುತ್ತದೆ. ಮರ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಮೂರಡಿ ಅಗಲದ ತೇಗದ ಮೇಲ್ಹಲಗೆ ಆ ಇಳಿತದಲ್ಲಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಕುಗ್ಗಬಹುದು. ತೇಗ ಕಡಿಮೆ ಕುಗ್ಗುವ ಮರ, ಅದರ ಕತೆಯೇ ಹೀಗೆ. ಈಗ ನಮ್ಮಲ್ಲಿ ಸಾಮಾನ್ಯವಾಗಿ ಮಾಡುವ ಹಾಗೆ ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಅಂಟು ಹಾಕಿ, ಸ್ಕ್ರೂ ಬಿಗಿದು ಕೂರಿಸಿದ್ದರೆ ಅದಕ್ಕೆ ಕುಗ್ಗಲು ಜಾಗ ಎಲ್ಲಿದೆ? ಮಧ್ಯದಲ್ಲಿ ಸೀಳುತ್ತದೆ. ಗ್ರಾಹಕ ಫೋಟೋ ಕಳಿಸುತ್ತಾನೆ, ದುಡ್ಡು ವಾಪಸ್ ಕೇಳುತ್ತಾನೆ. ಟೇಬಲ್ ಅಲ್ಲೇ ಬಿದ್ದಿರುತ್ತದೆ.

ಇದಕ್ಕೆ ಎರಡು ಕೆಲಸ. ಹಲಗೆಯನ್ನು ಒಣಗಿಸುವ ಕೋಣೆಯಲ್ಲಿ, ಅಂದರೆ ಕಿಲ್ನ್‌ನಲ್ಲಿ, ಶೇ. 8-10ಕ್ಕೆ ಇಳಿಸಿ, ಕೆಲಸ ಮುಗಿಯುವವರೆಗೂ ಮುಚ್ಚಿದ ಒಣ ಕೋಣೆಯಲ್ಲೇ ಇಡಬೇಕು. ಹೊರಗೆ ಎರಡು ವಾರ ಇಟ್ಟರೆ ಅದು ಮತ್ತೆ ತೇವ ಕುಡಿಯುತ್ತದೆ. ಎರಡನೆಯದು, ಮೇಲ್ಹಲಗೆಯನ್ನು ಉದ್ದ ತೂತು ಅಥವಾ ಮರದ ಚಿಕ್ಕ ಕಚ್ಚುಗಳ ಮೂಲಕ ಹಿಡಿಸಬೇಕು, ಅಲ್ಲಾಡದೆಯೂ ಸರಿಯಲು ಜಾಗ ಇರಬೇಕು. ಮಾಯಿಶ್ಚರ್ ಮೀಟರ್ ಎಂಬ ಸಣ್ಣ ಉಪಕರಣ ಕೆಲವು ಸಾವಿರಕ್ಕೆ ಸಿಗುತ್ತದೆ. ನೀವು ಈ ವಾರ ಕೊಳ್ಳಬೇಕಾದ್ದು ಏನಾದರೂ ಇದ್ದರೆ ಅದೊಂದೇ. ಶೆಡ್ಡಿನ ಒಂದೊಂದು ಹಲಗೆಗೂ ಚುಚ್ಚಿ ನೋಡಿ, ನಿಮ್ಮ ತಂದೆಯವರಿಗೂ ತೋರಿಸಿ. ಅಂಕಿ ನೋಡಿದರೆ ವಾದ ಬೇಕಾಗುವುದಿಲ್ಲ. ಕಿಲ್ನ್ ಸ್ವಂತದ್ದೇ ಆಗಬೇಕೆಂದಿಲ್ಲ, ಬಾಡಿಗೆಗೆ ಒಣಗಿಸಿಕೊಡುವವರು ಇದ್ದಾರೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಸಂಸ್ಥೆ ಇದೆ, ಐಡಬ್ಲ್ಯುಎಸ್‌ಟಿ ಅಂತ. ಮರ ಒಣಗಿಸುವುದು, ಗುರುತಿಸುವುದರ ಬಗ್ಗೆ ಅಲ್ಲಿ ತರಬೇತಿ ಕೊಡುತ್ತಾರೆ. ಐದು ಜನರಲ್ಲಿ ಚುರುಕಾದ ಒಬ್ಬರನ್ನು ಕಳಿಸಿ.

ತೇವ ಆದ ಮೇಲೆ ಕಾಗದಪತ್ರ. ಮೇಲ್ದರ್ಜೆಯ ಮಾರುಕಟ್ಟೆಯಲ್ಲಿ ಈಗ ನಿಜವಾಗಿ ಬದಲಾಗುತ್ತಿರುವುದು ಇದು. ಬಣ್ಣ, ಆಕಾರದ ಫ್ಯಾಷನ್ ಬರುತ್ತದೆ, ಹೋಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಮಿಲಾನಿನಲ್ಲಿ ನಡೆಯುವ ಸಲೋನೆ ದೆಲ್ ಮೊಬಿಲೆ ಮೇಳ 1961ರಿಂದ ಅದನ್ನೇ ಮಾಡಿಕೊಂಡು ಬಂದಿದೆ, ಮೂರು ಲಕ್ಷಕ್ಕೂ ಹೆಚ್ಚು ಜನ ಹೋಗಿ ನೋಡುತ್ತಾರೆ. ಆದರೆ ಯುರೋಪಿನವರು 2023ರಲ್ಲಿ ತಂದ ಕಾಡುನಾಶ ತಡೆ ನಿಯಮ ಫ್ಯಾಷನ್ ಅಲ್ಲ. ಮರದ ಫರ್ನಿಚರ್ ಅಲ್ಲಿಗೆ ಹೋಗಬೇಕಾದರೆ ಆ ಮರ ಬೆಳೆದ ಜಾಗದ ಅಕ್ಷಾಂಶ-ರೇಖಾಂಶ ಸಮೇತ ದಾಖಲೆ ಕೊಡಬೇಕು, ಆ ಜಾಗ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದದ್ದಾಗಿರಬಾರದು. ಜಾರಿಯ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಈಗ ದೊಡ್ಡವರಿಗೆ 2026ರ ಡಿಸೆಂಬರ್ ಕೊನೆ, ಸಣ್ಣವರಿಗೆ 2027ರ ಜೂನ್ ಕೊನೆ. ಸಾಮಿಲ್ಲಿನಿಂದ ಯಾವ ಊರಿನದೋ ಗೊತ್ತಿಲ್ಲದ ಮರ ತರುವವರಿಗೆ ಇದು ತಲೆನೋವು. ನಿಮಗೆ ಅಷ್ಟಿಲ್ಲ ಅಂತ ನನ್ನ ಅಂದಾಜು. ನಮ್ಮ ಕಡೆ ಹಲಸು, ತೇಗ, ಅಕೇಶಿಯಾ ಎಷ್ಟೋ ಸಲ ಬರುವುದು ಮನೆಹಿತ್ತಲಿನಿಂದ, ತೋಟದ ಅಂಚಿನಿಂದ. ಜಾಗಕ್ಕೆ ಸರ್ವೆ ನಂಬರ್ ಇದೆ, ಆರ್‌ಟಿಸಿ ಇದೆ, ಮಾಲೀಕರ ಪರಿಚಯ ಇದೆ. ಕಡಿಯುವ ಅನುಮತಿ, ಸಾಗಣೆ ಪಾಸು ಬೇಕಾದ ಮರಕ್ಕೆ ಅರಣ್ಯ ಇಲಾಖೆಯಿಂದ ಅದನ್ನು ಮಾಡಿಸಿ, ಪ್ರತಿ ಮರಕ್ಕೂ ಒಂದು ಫೈಲ್ ಇಡಿ. ಮರ ಕಡಿದ ದಿನ ಮೊಬೈಲಿನಲ್ಲಿ ಜಾಗದ ಲೊಕೇಶನ್ ಸಮೇತ ಫೋಟೋ ತೆಗೆಯುವುದಕ್ಕೆ ಖರ್ಚೇನಿಲ್ಲ.

ಹಲಸಿನ ಬಗ್ಗೆ ಒಂದು ಮಾತು. ಕೊಯ್ದಾಗ ಅರಿಶಿನ ಬಣ್ಣ, ಬೆಳಕು ಬಿದ್ದು ಬಿದ್ದು ಕಂದು ತಿರುಗುತ್ತದೆ. ನಮಗೆ ಅದು ಬಾಗಿಲು-ದಾರಂದದ ಮರ. ಹೊರಗಿನ ಡಿಸೈನರುಗಳಿಗೆ ಅದು ಇನ್ನೂ ನೋಡದ ಮರ. ಎಲ್ಲರೂ ಓಕ್, ವಾಲ್‌ನಟ್ ಮಾಡುತ್ತಿರುವಾಗ ಸ್ವಂತ ಗುರುತು ಬೇಕಾದರೆ ನಾನು ತೇಗಕ್ಕಿಂತ ಮೊದಲು ಹಲಸನ್ನು ಹಿಡಿಯುತ್ತೇನೆ. ಬಿಳಿ ಭಾಗ ಪೂರ್ತಿ ತೆಗೆಯಿರಿ, ಕುಟ್ಟೆ ಹಿಡಿಯುವುದು ಅದಕ್ಕೇ.

ಅಮೆರಿಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. 2025ರ ಅಕ್ಟೋಬರ್‌ನಿಂದ ಮೆತ್ತೆ ಹೊದಿಸಿದ ಮರದ ಫರ್ನಿಚರ್‌ಗೆ, ಅಡುಗೆಮನೆ ಕ್ಯಾಬಿನೆಟ್‌ಗೆ ಶೇ. 25 ಸುಂಕ ಹಾಕಿದರು. ಅಲ್ಲಿನ ಸುಂಕದ ಮಾತು ತಿಂಗಳಿಗೊಂದು ಥರ ಇರುತ್ತದೆ, ಸಣ್ಣವರು ಅದರ ಹಿಂದೆ ಓಡಲಾಗದು. ಬ್ರಿಟನ್ನಿಗೆ ಸೋಫಾ ಕಳಿಸುವುದಿದ್ದರೆ ಫೋಮು, ಬಟ್ಟೆ ಬೆಂಕಿ ಪರೀಕ್ಷೆ ಪಾಸಾಗಬೇಕು, 1988ರಿಂದಲೇ ಅಲ್ಲಿ ಆ ನಿಯಮ ಇದೆ. ಆದ್ದರಿಂದ ಶುರುವಿಗೆ ಮೆತ್ತೆಯ ಕೆಲಸವೇ ಬೇಡ. ಮರ ಮತ್ತು ಬೆತ್ತ ಸಾಕು. ಪ್ಯಾಕ್ ಮಾಡುವ ಮರದ ಪೆಟ್ಟಿಗೆಗೂ ಒಂದು ನಿಯಮ ಇದೆ: ಒಳಗಿನವರೆಗೆ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಒತ್ತಿಸಿರಬೇಕು. ಒಳಗಿನ ಟೇಬಲ್ ಚಿನ್ನದ ಹಾಗಿದ್ದರೂ ಪೆಟ್ಟಿಗೆಗೆ ಮುದ್ರೆ ಇಲ್ಲದಿದ್ದರೆ ಬಂದರಿನಲ್ಲೇ ನಿಲ್ಲಿಸುತ್ತಾರೆ. ಕುರ್ಚಿಯನ್ನು ಬಿಚ್ಚಿ ಕಳಿಸುವ ಹಾಗೆ ಡಿಸೈನ್ ಮಾಡಿ. ಜೋಡಿಸಿದ ಕುರ್ಚಿಗಳನ್ನು ಕಂಟೇನರಿಗೆ ತುಂಬಿದರೆ ನೀವು ಬಾಡಿಗೆ ಕೊಡುವುದು ಹೆಚ್ಚಾಗಿ ಗಾಳಿಗೆ.

ನನ್ನ ಸಲಹೆ ಎಂದರೆ, ಮೊದಲ ಎರಡು ವರ್ಷ ಹಡಗನ್ನೇ ಮರೆತುಬಿಡಿ. ಪಡುಬಿದ್ರಿಯಿಂದ ಮರವಂತೆವರೆಗೆ ಕಡಲ ಬದಿಯಲ್ಲಿ ರೆಸಾರ್ಟು, ಹೋಮ್‌ಸ್ಟೇ, ವಾರಾಂತ್ಯದ ಮನೆಗಳು ಏಳುತ್ತಿವೆ. ಜಗತ್ತಿನಲ್ಲಿ ಐಷಾರಾಮಿ ಫರ್ನಿಚರ್ ಕಂಪನಿಗಳು ಹೆಚ್ಚು ಹೆಚ್ಚು ಗಮನ ಕೊಡುತ್ತಿರುವುದೂ ಇಂಥ ಜಾಗಗಳಿಗೆ ಬೇಕಾದ ಹೊರಾಂಗಣದ ಸಾಮಾನಿಗೇ. ಜರ್ಮನಿಯ ಡೆಡಾನ್ ಎಂಬ ಕಂಪನಿ ಇದರಲ್ಲೇ ಹೆಸರು ಮಾಡಿದ್ದು. ಅದನ್ನು 1990ರಲ್ಲಿ ಶುರು ಮಾಡಿದವರು ಒಬ್ಬ ಮಾಜಿ ಫುಟ್‌ಬಾಲ್ ಗೋಲ್‌ಕೀಪರ್, ಹೆಣೆಯುವವರು ಫಿಲಿಪೀನ್ಸಿನ ಸೆಬು ದ್ವೀಪದವರು. ನಮ್ಮ ರೆಸಾರ್ಟಿನವರು ಈಗ ಕೊಳ್ಳುವುದು ಎಲ್ಲಿಂದಲೋ ಬಂದ ಸ್ಟೀಲ್ ಕುರ್ಚಿ. ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಕಲೆ ಬೀಳುತ್ತದೆ. ಯಾಕೆಂದರೆ ಅದು 304 ನಂಬರಿನ ಸ್ಟೀಲು, ಕಡಲ ಹತ್ತಿರ 316 ಬೇಕು. ಈ ಒಂದು ವಿಷಯ ತಿಳಿದು ಮಾತಾಡಿದರೇ ಆರ್ಕಿಟೆಕ್ಟ್‌ಗಳು ನಿಮ್ಮನ್ನು ಬೇರೆ ಥರ ನೋಡುತ್ತಾರೆ. ನಿಮಗೆ ಡ್ರಾಯಿಂಗ್ ಓದಲು ಬರುತ್ತದೆ, ದುಬೈನ ಶಿಸ್ತು ಗೊತ್ತು, ತಂದೆಯವರಿಗೆ ಮರ ಗೊತ್ತು. ಶೋರೂಮಿಗೆ ಹಾಕಬೇಕೆಂದಿದ್ದ ದುಡ್ಡಿನ ಒಂದು ಪಾಲಿನಲ್ಲಿ ಒಣ ಕೋಣೆ, ಒಳ್ಳೆಯ ಪಾಲಿಶ್ ಬೂತ್, ಒಂದೇ ಅಳತೆ ನೂರು ಸಲ ಬರುವ ಹಾಗೆ ಜಿಗ್‌ಗಳು ಮಾಡಿಸಿ. ನಲವತ್ತು ಕೋಣೆಯ ರೆಸಾರ್ಟಿಗೆ ಎಂಬತ್ತು ಆರಾಮಕುರ್ಚಿ ಕೊಟ್ಟು, ಎಂಬತ್ತನೆಯದೂ ಮೊದಲನೆಯದರ ಹಾಗೇ ಇದ್ದರೆ, ನಿಮ್ಮ ಹಳೆಯ ದುಬೈ ಕಂಪನಿಗೆ ಫೋನ್ ಮಾಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಡ. ಡಿಸೈನ್ ನಿಮ್ಮದೇ ಆಗಿದ್ದರೆ ಮಾರಾಟಕ್ಕೆ ಇಡುವ ಮೊದಲೇ ನೋಂದಣಿ ಮಾಡಿಸಿ. 2000ದ ಡಿಸೈನ್ ಕಾಯ್ದೆಯಲ್ಲಿ 10 ವರ್ಷ ರಕ್ಷಣೆ ಸಿಗುತ್ತದೆ, ಇನ್ನೂ 5 ವರ್ಷ ಮುಂದುವರಿಸಬಹುದು. ಜಾಹೀರು ಮಾಡಿದ ಮೇಲೆ ಹೋದರೆ ಆಗುವುದಿಲ್ಲ.

ಕೊನೆಗೆ ಅಜ್ಜನ ಮನೆಯ ಬೀಟೆ. ಸುಮ್ನೆ ಪ್ಯಾಕ್ ಮಾಡಿ ಕಳಿಸಲು ಹೋಗಬೇಡಿ. ಬೀಟೆಯ ಜಾತಿಯ ಮರಗಳೆಲ್ಲ 2017ರಿಂದ ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಅದಕ್ಕಿಂತ ದೊಡ್ಡದು 1972ರ ಪುರಾತನ ವಸ್ತುಗಳ ಕಾಯ್ದೆ. ನೂರು ವರ್ಷ ದಾಟಿದ ಕೆತ್ತನೆ, ಕಟ್ಟಡದಿಂದ ಬಿಚ್ಚಿದ ಭಾಗಗಳು ಅದರೊಳಗೆ ಬರುತ್ತವೆ, ಖಾಸಗಿಯವರು ಹೊರಗೆ ಕಳಿಸುವಂತೆಯೇ ಇಲ್ಲ. ಮನೆ ಅಷ್ಟು ಹಳೆಯದಲ್ಲ ಎಂದಾದರೂ ಪುರಾತತ್ವ ಇಲಾಖೆಯಿಂದ ಇದು ಪುರಾತನ ವಸ್ತು ಅಲ್ಲ ಎಂಬ ಪತ್ರ ಪಡೆಯಬೇಕು. ದೇಶದೊಳಗೇ ಇದಕ್ಕೆ ಕೊಳ್ಳುವವರಿದ್ದಾರೆ, ಹಳೆ ಮನೆ ಸರಿಪಡಿಸುವ ಆರ್ಕಿಟೆಕ್ಟ್‌ಗಳು ಇಡೀ ಕಂಬ, ಬಾಗಿಲನ್ನು ಹುಡುಕುತ್ತಿರುತ್ತಾರೆ. ಮಾರುವ ಮೊದಲು ಒಮ್ಮೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳಲ್ಲಿ ನಿಮ್ಮ ಕಂಬದಂಥದ್ದೇ ಎಲ್ಲಿ, ಹೇಗೆ ಕೂತಿತ್ತು ಎಂದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಅವುಗಳನ್ನು ನೆಲದ ಮೇಲೆ ಇಡಬೇಡಿ, ಕೆಳಗೆ ಕಲ್ಲು ಕೊಟ್ಟು ಮಳೆ ನೀರು ತಾಗದ ಹಾಗೆ ನೋಡಿಕೊಳ್ಳಿ. ಯಾರಾದರೂ ಬಂದು ಕೊಯ್ದು ಟೀಪಾಯಿ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ.